ಗಲ್ಲಾದ ಹಿಂದೆ ಯಾರು ಕೂತಿದ್ದಾರೆ?

ಬಟ್ಟೆ ಅಂಗಡಿಯ ಯಜಮಾನರ ಬಾಯಲ್ಲಿ ನಾನು ಮೇಲಿಂದ ಮೇಲೆ ಕೇಳಿರುವ ಮೂರು ಮಾತುಗಳಿವೆ. "ಹೆಣ್ಣುಮಕ್ಕಳಿಗೆ ದೊಡ್ಡ ಜವಾಬ್ದಾರಿ ಬೇಡ ಮೇಡಂ, ಕೊಟ್ಟರೂ ಅವರೇ ಒಲ್ಲೆ ಅಂತಾರೆ" ಎಂಬುದು ಒಂದು. "ಮಾರ್ಕೆಟ್ಟಿನಲ್ಲಿ ರೇಟು ಇರೋದೇ ಅಷ್ಟು, ನಾವೇನು ಮಾಡೋಣ?" ಎಂಬುದು ಎರಡನೆಯದು. "ಇವತ್ತು ಇರ್ತಾರೆ, ನಾಳೆ ಮದುವೆಯಾಗಿ ಹೋಗ್ತಾರೆ" ಎಂಬುದು ಮೂರನೆಯದು. ಈ ಮೂರನ್ನೂ ಅವರು ಹೇಳುವುದು ಮಳೆ ಬಿಸಿಲಿನ ಸುದ್ದಿ ಹೇಳುವ ಧಾಟಿಯಲ್ಲಿ. ಮಳೆ ಬಾರದಿದ್ದರೆ ಯಾರು ಹೊಣೆ? ಹಾಗೆಯೇ ಸೀರೆ ಮಾರುವ ಹುಡುಗಿಯ ಸಂಬಳಕ್ಕೂ ಯಾರೂ ಹೊಣೆಯಲ್ಲ ಎಂದು ನಾವು ನಂಬಬೇಕು. ನಾನು ನಂಬುವುದಿಲ್ಲ. ಏಕೆ ನಂಬುವುದಿಲ್ಲ ಎಂದು ಹೇಳುವುದಕ್ಕೇ ಈ ಬರಹ.

ನಮ್ಮೂರಿನ ಬಿ.ಎಚ್. ರಸ್ತೆಯಲ್ಲಿ ಎದುರುಬದುರಾಗಿ ಎರಡು ದೊಡ್ಡ ಬಟ್ಟೆ ಮಳಿಗೆಗಳಿವೆ. ಎರಡಕ್ಕೂ ಬೇರೆ ಊರುಗಳಲ್ಲಿ ಶಾಖೆಗಳಿವೆ. ಮಾರುವುದು ಅದೇ ಇಳಕಲ್ ಸೀರೆ, ಅದೇ ಧರ್ಮಾವರಂ, ಅದೇ ಸೂರತ್ತಿನ ಸಿಂಥೆಟಿಕ್. ಕೊಳ್ಳುವವರೂ ನಾವೇ. ಒಂದರಲ್ಲಿ ಬೆಲೆ ಸರಿಬೀಳದಿದ್ದರೆ ರಸ್ತೆ ದಾಟಿ ಇನ್ನೊಂದಕ್ಕೆ ಹೋಗುತ್ತೇವೆ. ಎರಡೂ ಕಡೆ ಸೀರೆ ಬಿಚ್ಚಿ ತೋರಿಸುವವರು, ನಾವು ಒಲ್ಲೆವೆಂದದ್ದನ್ನು ಮತ್ತೆ ಮಡಿಸಿ ಇಡುವವರು ಹೆಣ್ಣುಮಕ್ಕಳೇ. ಆ ಪೈಕಿ ನನ್ನ ಹತ್ತಿರ ಓದಿದವರು ಆರೇಳು ಮಂದಿ ಇದ್ದಾರೆ. ಒಂದು ಮಳಿಗೆಯಲ್ಲಿ ಗಲ್ಲಾದ ಹಿಂದೆ, ಬಿಲ್ಲು ಹಾಕುವಲ್ಲಿ, ಮಹಡಿಯ ಮೇಲ್ವಿಚಾರಣೆಯಲ್ಲಿ, ಎಲ್ಲಿ ನೋಡಿದರೂ ಗಂಡಸರು. ಇನ್ನೊಂದರಲ್ಲಿ ಸೀರೆ ವಿಭಾಗವನ್ನು ನೋಡಿಕೊಳ್ಳುವವಳು ಹೆಂಗಸು. ಗಲ್ಲಾದಲ್ಲಿ ಕೂರುವ ಇಬ್ಬರಲ್ಲಿ ಒಬ್ಬಳು ಹೆಂಗಸು. ಈ ಎರಡನೆಯವಳು ನನ್ನ ಹಳೆಯ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನು ಏದುಸಿರು ಬಿಡುತ್ತಾ ದಾಟಿದವಳು. ಇವತ್ತು ಆಕೆಯ ದಿನದ ಲೆಕ್ಕ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ ಎಂದು ಆ ಯಜಮಾನರೇ ಹೇಳುತ್ತಾರೆ.

ಶಾಲೆಯಲ್ಲಿ ನಮ್ಮ ಕಡೆ ಒಂದು ಸಾದಾ ಲೆಕ್ಕವಿದೆ. ಎಂಟನೆಯ ತರಗತಿಗೆ ಎ, ಬಿ ಎಂದು ಎರಡು ಸೆಕ್ಷನ್. ಅದೇ ಊರಿನ ಮಕ್ಕಳು, ಅದೇ ಪಠ್ಯಪುಸ್ತಕ, ಅದೇ ಪ್ರಶ್ನೆಪತ್ರಿಕೆ. ಎ ಸೆಕ್ಷನ್ನಿನಲ್ಲಿ ಮುಕ್ಕಾಲು ಪಾಲು ಮಕ್ಕಳು ಪಾಸಾಗಿ, ಬಿ ಸೆಕ್ಷನ್ನಿನಲ್ಲಿ ಕಾಲು ಪಾಲು ಪಾಸಾದರೆ "ಈ ಊರಿನ ಮಕ್ಕಳೇ ದಡ್ಡರು" ಎಂದು ಹೆಡ್‌ಮಾಸ್ಟರ ಮುಂದೆ ಹೇಳುವುದಕ್ಕೆ ಆಗುತ್ತದೆಯೇ? ಬಿ ಸೆಕ್ಷನ್ನಿಗೆ ಪಾಠ ಮಾಡಿದವರು ಯಾರು ಎಂದೇ ಅವರು ಕೇಳುತ್ತಾರೆ. ಅಂಗಡಿಗಳಿಗೂ ಈ ಲೆಕ್ಕವೇ ಸಾಕು. ಒಂದೇ ವ್ಯಾಪಾರ, ಒಂದೇ ಊರು, ಒಂದೇ ಬಗೆಯ ಗಿರಾಕಿಗಳು. ಆದರೂ ಒಂದು ಕಡೆ ಹೆಂಗಸರು ಮೇಲೇರುತ್ತಾರೆ, ಇನ್ನೊಂದು ಕಡೆ ಹತ್ತು ವರ್ಷವಾದರೂ ಸೀರೆ ಮಡಿಸುತ್ತಾರೆ ಎಂದರೆ, ಹೆಂಗಸರ ಸ್ವಭಾವ ರಸ್ತೆ ದಾಟಿದ ಕೂಡಲೇ ಬದಲಾಗುತ್ತದೆ ಎಂದು ಅರ್ಥವೇ?

ಇಂಥ ಹೋಲಿಕೆಯನ್ನು ಅಮೆರಿಕದಲ್ಲಿ ಅಂಕಿಸಂಖ್ಯೆ ಸಮೇತ ನ್ಯಾಯಾಲಯದ ಮುಂದೆ ಇಟ್ಟಿದ್ದರು. ಅಲ್ಲಿನ ಅತಿ ದೊಡ್ಡ ಅಂಗಡಿ ಸರಪಳಿ ವಾಲ್‌ಮಾರ್ಟ್. ಹೆಸರು ನಮಗೆ ಪರಕೀಯವೇನಲ್ಲ. 2018ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಬಹುಪಾಲನ್ನು ಕೊಂಡದ್ದು ಇದೇ ಕಂಪನಿ. ಕ್ಯಾಲಿಫೋರ್ನಿಯಾದ ಪಿಟ್ಸ್‌ಬರ್ಗ್ ಎಂಬ ಊರಿನ ವಾಲ್‌ಮಾರ್ಟಿನಲ್ಲಿ 1994ರಲ್ಲಿ ಬೆಟ್ಟಿ ಡ್ಯೂಕ್ಸ್ ಎಂಬ ಕಪ್ಪು ಮಹಿಳೆ ಗಂಟೆಗೆ 5 ಡಾಲರ್ ಸಂಬಳಕ್ಕೆ ಕ್ಯಾಷಿಯರ್ ಆಗಿ ಸೇರಿದರು. ಮೇಲಕ್ಕೆ ಹೋಗಬೇಕೆಂಬ ಆಸೆ ಅವರಿಗಿತ್ತು. ದಾರಿ ಮಾತ್ರ ಕಾಣಲಿಲ್ಲ. ಎಷ್ಟೋ ಹುದ್ದೆಗಳು ಖಾಲಿಯಿವೆ ಎಂದು ಪ್ರಕಟಣೆಯೇ ಆಗುತ್ತಿರಲಿಲ್ಲ. ಮ್ಯಾನೇಜರು ತನಗೆ ಬೇಕಾದವರ ಬೆನ್ನು ತಟ್ಟಿ ಕರೆದುಕೊಳ್ಳುತ್ತಿದ್ದ. 2001ರಲ್ಲಿ ಅವರೂ ಇನ್ನೈವರು ಹೆಂಗಸರೂ ಸೇರಿ ಕಂಪನಿಯ ಮೇಲೆ ದಾವೆ ಹೂಡಿದರು.

ಆ ದಾವೆಯಲ್ಲಿ ಹೆಂಗಸರ ಪರವಾಗಿ ಬಂದ ತಜ್ಞರು ಇಟ್ಟ ಲೆಕ್ಕಗಳನ್ನು ನೋಡಿ. ಗಂಟೆ ಲೆಕ್ಕದ ಸಂಬಳದ ಕೆಲಸಗಳಲ್ಲಿ 100ಕ್ಕೆ ಸುಮಾರು 70 ಮಂದಿ ಹೆಂಗಸರು. ಮ್ಯಾನೇಜರುಗಳಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ. 2001ರಲ್ಲಿ ಗಂಟೆ ಸಂಬಳದ ಹೆಂಗಸರಿಗೆ ಗಂಡಸರಿಗಿಂತ ವರ್ಷಕ್ಕೆ ಸರಾಸರಿ 1,100 ಡಾಲರ್ ಕಡಿಮೆ. ಮ್ಯಾನೇಜರು ದರ್ಜೆಯಲ್ಲಿ 14,500 ಡಾಲರ್ ಕಡಿಮೆ. ಮೇಲೆ ಹೋದಷ್ಟೂ ಅಂತರ ಹೆಚ್ಚು. ಹಾಗಾದರೆ ಹೆಂಗಸರು ಬೇಗ ಕೆಲಸ ಬಿಟ್ಟು ಹೋಗುವವರೇ? ಸರಾಸರಿ ಸೇವಾವಧಿ ಅವರದೇ ಹೆಚ್ಚು. ಕೆಲಸದಲ್ಲಿ ಹಿಂದೆಯೇ? ವರ್ಷ ವರ್ಷ ಮೇಲಧಿಕಾರಿಗಳು ಕೊಡುವ ಅಂಕಗಳಲ್ಲೂ ಅವರೇ ಮುಂದೆ.

ಆದರೆ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಲೆಕ್ಕ. ಮಾರ್ಕ್ ಬೆಂಡಿಕ್ ಎಂಬ ಅರ್ಥಶಾಸ್ತ್ರಜ್ಞರು ವಾಲ್‌ಮಾರ್ಟನ್ನು ಅದರ ಪ್ರತಿಸ್ಪರ್ಧಿಗಳಾದ 20 ಅಂಗಡಿ ಸರಪಳಿಗಳ ಪಕ್ಕದಲ್ಲಿಟ್ಟು ನೋಡಿದರು. 1999ರಲ್ಲಿ ವಾಲ್‌ಮಾರ್ಟಿನ ಅಂಗಡಿ ಮ್ಯಾನೇಜರುಗಳಲ್ಲಿ ಹೆಂಗಸರು 100ಕ್ಕೆ 34.5, ಉಳಿದ 20 ಸರಪಳಿಗಳಲ್ಲಿ 100ಕ್ಕೆ 56.5. ಆ ಸರಪಳಿಗಳು 1975ರಲ್ಲಿ ಇದ್ದ ಮಟ್ಟವನ್ನೂ ವಾಲ್‌ಮಾರ್ಟ್ 1999ರಲ್ಲಿ ಮುಟ್ಟಿರಲಿಲ್ಲ. ಅಮೆರಿಕದ ಹೆಂಗಸರಿಗೂ ಮನೆ ಮಕ್ಕಳು ಇದ್ದವು, ಆ ಹೆಂಗಸರೂ ರಾತ್ರಿ ಮನೆ ಸೇರಬೇಕಿತ್ತು. ಆ 20 ಕಡೆ ಆ ಮನೆ ಮಕ್ಕಳು ಅಡ್ಡಬರಲಿಲ್ಲ, ಈ ಒಂದು ಕಡೆ ಅಡ್ಡಬಂದವು ಎಂದರೆ ಯಾರಾದರೂ ಒಪ್ಪುತ್ತಾರೆಯೇ?

ದಾವೆಯ ಗತಿ ಏನಾಯಿತೆಂಬುದನ್ನೂ ಹೇಳಬೇಕು. ಕಂಪನಿ ಈ ಲೆಕ್ಕಗಳನ್ನು ಒಪ್ಪಲಿಲ್ಲ. 2011ರ ಜೂನ್ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸುಮಾರು 15 ಲಕ್ಷ ಹೆಂಗಸರ ದೂರನ್ನು ಒಂದೇ ಮೊಕದ್ದಮೆಯಾಗಿ ಕೇಳಲಾಗದು ಎಂದಿತು. ತಾರತಮ್ಯ ನಡೆದಿತ್ತೇ ಇಲ್ಲವೇ ಎಂಬುದನ್ನು ಅದು ತೀರ್ಮಾನಿಸಲೇ ಇಲ್ಲ. ಬೆಟ್ಟಿ ಡ್ಯೂಕ್ಸ್ 2017ರಲ್ಲಿ ತೀರಿಕೊಂಡರು. ಮೊಕದ್ದಮೆ ಬಿದ್ದುಹೋಯಿತು, ಆದರೆ ಆ ಎರಡು ಸಂಖ್ಯೆಗಳು ಹಾಗೇ ನಿಂತಿವೆ.

ಸಂಬಳ ಚೆನ್ನಾಗಿ ಕೊಡುವ ಕಡೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆಯೇ? ಅದೂ ಇಲ್ಲ. ಅಮೆರಿಕದಲ್ಲೇ ಕಾಸ್ಟ್‌ಕೋ ಎಂಬ ಇನ್ನೊಂದು ಸರಪಳಿಯಿದೆ. 2021ರ ಕೊನೆಯಲ್ಲಿ ಅಲ್ಲಿ ಕನಿಷ್ಠ ಸಂಬಳ ಗಂಟೆಗೆ 17 ಡಾಲರ್, ವಾಲ್‌ಮಾರ್ಟ್ ಅಂಗಡಿಗಳಲ್ಲಿ 12 ಡಾಲರ್. ಇವೆರಡರ ನಡುವೆ ಟಾರ್ಗೆಟ್ ಎಂಬ ಮೂರನೆಯದು 2020ರಿಂದಲೇ 15 ಡಾಲರ್ ಕೊಡುತ್ತಿತ್ತು. ಮೂರೂ ಒಂದೇ ದೇಶದಲ್ಲಿ, ಮೂರೂ ಲಾಭದಲ್ಲಿ. ಇದರಲ್ಲಿ "ಮಾರ್ಕೆಟ್ ರೇಟು" ಯಾವುದು, ನೀವೇ ಹೇಳಿ. ಆದರೆ ಒಳ್ಳೆಯ ಸಂಬಳದ ಅದೇ ಕಾಸ್ಟ್‌ಕೋ ಮೇಲೂ 2004ರಲ್ಲಿ ಹೆಂಗಸರು ದಾವೆ ಹೂಡಿದರು. ನೌಕರರಲ್ಲಿ ಹತ್ತಿರ ಹತ್ತಿರ ಅರ್ಧ ನಾವು, ಮಳಿಗೆಯ ಮುಖ್ಯಸ್ಥರಲ್ಲಿ ಮಾತ್ರ ಆರಕ್ಕೆ ಒಬ್ಬರೂ ಇಲ್ಲ ಎಂಬುದು ಅವರ ದೂರು. ಹತ್ತು ವರ್ಷ ಹಿಡಿದ ಆ ವ್ಯಾಜ್ಯ 80 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎರಡು: ಎಷ್ಟು ಕೊಡುತ್ತೀರಿ? ಯಾರನ್ನು ಎಲ್ಲಿ ಕೂರಿಸಿದ್ದೀರಿ? ಒಂದಕ್ಕೆ ಉತ್ತರ ಕೊಟ್ಟು ಇನ್ನೊಂದರಿಂದ ತಪ್ಪಿಸಿಕೊಳ್ಳುವವರೇ ಹೆಚ್ಚು.

"ಮಾರ್ಕೆಟ್ ರೇಟು" ಎಂಬ ಮಾತನ್ನು ನ್ಯಾಯಪೀಠವೊಂದು ತಳ್ಳಿಹಾಕಿದ್ದೂ ಉಂಟು. ಇಂಗ್ಲೆಂಡಿನಲ್ಲಿ ನೆಕ್ಸ್ಟ್ ಎಂಬ ಬಟ್ಟೆ ಅಂಗಡಿ ಸರಪಳಿಯಿದೆ. ಅಲ್ಲಿ ಅಂಗಡಿಯಲ್ಲಿ ನಿಂತು ಮಾರುವವರಲ್ಲಿ ಹೆಚ್ಚಿನವರು ಹೆಂಗಸರು. ಗೋದಾಮಿನಲ್ಲಿ ಗಂಡಸರು ಅರ್ಧಕ್ಕಿಂತ ತುಸು ಹೆಚ್ಚು. ಗೋದಾಮಿನವರಿಗೆ ಗಂಟೆಗೆ ಸಂಬಳ ಹೆಚ್ಚು. ಗೋದಾಮಿನ ಕೆಲಸಕ್ಕೆ ಹೊರಗೆ ಇರುವ ದರವೇ ಹೆಚ್ಚು, ನಮ್ಮ ತಪ್ಪೇನಿದೆ ಎಂದಿತು ಕಂಪನಿ. ಅಂಗಡಿಯ 3,500ಕ್ಕೂ ಹೆಚ್ಚು ನೌಕರರು ಆರು ವರ್ಷ ಹೋರಾಡಿದರು. ಎರಡೂ ಕೆಲಸದ ಬೆಲೆ ಸಮ, ಖರ್ಚು ಉಳಿಸುವ ಆಸೆಗೆ ಮಾರುಕಟ್ಟೆಯ ಹೆಸರು ಹೇಳಿದರೆ ಸಾಲದು ಎಂದು 2024ರ ಆಗಸ್ಟಿನಲ್ಲಿ ಅಲ್ಲಿನ ಉದ್ಯೋಗ ನ್ಯಾಯಮಂಡಳಿ ತೀರ್ಪಿತ್ತಿತು. ಮೂಟೆ ಹೊರುವುದು ಕಷ್ಟದ ಕೆಲಸ, ನಿಜ. ದೀಪಾವಳಿಯ ವಾರದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತು, ಐವತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದು ಹೋಗುವ ಗಿರಾಕಿಗೂ ನಗುನಗುತ್ತಾ "ಮತ್ತೆ ಬನ್ನಿ ಅಕ್ಕಾ" ಎನ್ನುವುದು ಸುಲಭವೇ?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಾಯಿಲ್ಲದ್ದೇನಲ್ಲ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡು ಎಂದು ನೋಡದೆ ಒಂದೇ ಸಂಬಳ ಕೊಡಬೇಕೆಂದು 1976ರಲ್ಲೇ ಸಮಾನ ವೇತನ ಕಾಯ್ದೆ ಬಂದಿತು. ಅದರ ತಿರುಳು 2019ರ ವೇತನ ಸಂಹಿತೆಯಲ್ಲೂ ಸೇರಿದೆ. ಆದರೆ ಪಕ್ಕದವನ ಸಂಬಳ ಎಷ್ಟೆಂದು ಗೊತ್ತಿಲ್ಲದೆ ಸಮವೋ ಅಲ್ಲವೋ ಎಂದು ಹೇಳುವುದು ಹೇಗೆ? ನನ್ನ ವೃತ್ತಿಯಲ್ಲಿ ಈ ತೊಂದರೆಯಿಲ್ಲ. ಸರ್ಕಾರದ ವೇತನ ಶ್ರೇಣಿ ಅಚ್ಚಾಗಿರುತ್ತದೆ. ನನ್ನ ಸಂಬಳವೂ ಸಹೋದ್ಯೋಗಿ ಮೇಷ್ಟ್ರ ಸಂಬಳವೂ ಗುಟ್ಟಲ್ಲ. ಟೀಚರಿಗೆ ಇಷ್ಟು, ಮೇಷ್ಟ್ರಿಗೆ ಅಷ್ಟು ಎಂಬ ಮಾತೇ ಹುಟ್ಟುವುದಿಲ್ಲ. ಬಟ್ಟೆ ಮಳಿಗೆಯಲ್ಲಿ ಮೊದಲ ದಿನವೇ "ಸಂಬಳದ ವಿಚಾರ ಯಾರ ಹತ್ತಿರವೂ ಆಡಬೇಡ" ಎಂದು ಹೇಳಿಯೇ ಒಳಗೆ ಬಿಡುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ನನಗೆ ಹೇಳುವಾಗಲೂ ಆಚೀಚೆ ನೋಡಿಯೇ ಹೇಳಿದಳು. ನ್ಯಾಯವಾಗಿ ಕೊಡುವ ಸಂಬಳಕ್ಕೆ ಇಷ್ಟು ಗುಟ್ಟು ಏಕೆ?

ಬೆಂಡಿಕ್ ಅವರಿಗೆ ಆ ಹೋಲಿಕೆ ಸಾಧ್ಯವಾದದ್ದೂ ಗುಟ್ಟಿಲ್ಲದ್ದರಿಂದಲೇ. ಅಮೆರಿಕದಲ್ಲಿ ದೊಡ್ಡ ಕಂಪನಿಗಳು ಯಾವ ದರ್ಜೆಯಲ್ಲಿ ಎಷ್ಟು ಹೆಂಗಸರು, ಎಷ್ಟು ಗಂಡಸರು ಎಂದು ಪ್ರತಿ ವರ್ಷ ಸರ್ಕಾರಕ್ಕೆ ಬರೆದುಕೊಡಬೇಕು; 1966ರಿಂದ ಈ ಪದ್ಧತಿಯಿದೆ. ನಮ್ಮಲ್ಲಿಯೂ ಷೇರುಪೇಟೆಯ ದೊಡ್ಡ 1,000 ಕಂಪನಿಗಳು ಹೆಂಗಸರು ಎಷ್ಟು, ಹೆಂಗಸರ ಮತ್ತು ಗಂಡಸರ ನಡುಮಟ್ಟದ ಸಂಬಳ ಎಷ್ಟು ಎಂದು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಬೇಕೆಂದು ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಒಳ್ಳೆಯ ಕೆಲಸ. ಆದರೆ ಬಿ.ಎಚ್. ರಸ್ತೆಯ ಮಳಿಗೆಗಳು ಷೇರುಪೇಟೆಗೆ ಹೋದವಲ್ಲ. ಹತ್ತಾರು ಶಾಖೆಗಳಿರುವ ಇಂಥ ಮನೆತನದ ಅಂಗಡಿಗಳಿಗೂ ಒಂದು ಹಾಳೆಯ ಲೆಕ್ಕ ಕಾರ್ಮಿಕ ಇಲಾಖೆಗೆ ಕೊಡುವ ಕಟ್ಟುಪಾಡು ಏಕೆ ಬೇಡ? ಪ್ರತಿ ತಿಂಗಳು ಜಿ.ಎಸ್‌.ಟಿ. ಲೆಕ್ಕ ಬರೆಯುವವರಿಗೆ ಇದೊಂದು ಹೊರೆಯೇ?

ಕೇಳಿದರೆ ಸಿಕ್ಕುವುದಿಲ್ಲ ಎಂದು ಕೈಕಟ್ಟಿ ಕೂರುವವರು ಪಕ್ಕದ ಕೇರಳವನ್ನು ನೋಡಬೇಕು. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು, ದರ್ಜಿ ಕೆಲಸದ ವಿಜಿ ಅವರ ಮುಂದಾಳತ್ವದಲ್ಲಿ, ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರಲು ಒಂದು ಸ್ಟೂಲು. ನಗಾಡಿದವರಿಗೆ ಲೆಕ್ಕವಿಲ್ಲ. 2018ರಲ್ಲಿ ಕೇರಳ ಸರ್ಕಾರ ಕಾನೂನನ್ನೇ ತಿದ್ದಿ ಅಂಗಡಿಯ ನೌಕರರಿಗೆ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಹೆಂಗಸರು ಒಟ್ಟಾಗಿ ಬಾಯಿಬಿಟ್ಟದ್ದರಿಂದ ಇದು ಬಂತು, ಯಾರೂ ಕರೆದು ಕೊಟ್ಟದ್ದಲ್ಲ.

ಇನ್ನು ಉಳಿದದ್ದು ಮದುವೆಯ ಮಾತು. ಹುಡುಗಿ ಮದುವೆಯಾಗಿ ಕೆಲಸ ಬಿಡುತ್ತಾಳೆ ಎನ್ನುತ್ತಾರಲ್ಲ, ಎಂಟು ವರ್ಷವಾದರೂ ಸಂಬಳ ಏರದ, ಗಲ್ಲಾದ ಹತ್ತಿರ ಸುಳಿಯಲೂ ಬಿಡದ ಕೆಲಸವನ್ನು ಯಾವ ಗಂಡಸು ಹಿಡಿದುಕೊಂಡು ಕೂತಿದ್ದಾನೆ? ರಾತ್ರಿ ತಡವಾಗುತ್ತದೆ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ರಾತ್ರಿಯಿಡೀ ದುಡಿಯುವ ನರ್ಸಮ್ಮಂದಿರಿಗೆ ಮನೆಯಿಲ್ಲವೇ? ಎಂಟು ಗಂಟೆಗೆ ಲೆಕ್ಕ ಮುಚ್ಚಿ ಮನೆಗೆ ಬಿಡುವ ವ್ಯವಸ್ಥೆ ಮಾಡಿದರೆ ಆಯಿತು. ನಮ್ಮೂರಿನ ಆ ಇನ್ನೊಂದು ಮಳಿಗೆಯವರು ಮಾಡಿರುವುದು ಅಷ್ಟೇ.

ಈ ಪುಸ್ತಕ ಹಿಡಿದಿರುವ ನೀವು ತಿಂಗಳಿಗೊಮ್ಮೆಯಾದರೂ ಇಂಥ ಅಂಗಡಿಯ ಮೆಟ್ಟಿಲು ಹತ್ತುವವರು. ಮಗಳ ಮದುವೆಯ ಜವಳಿ ತೆಗೆಯುವಾಗ ಲಕ್ಷಗಟ್ಟಲೆ ಎಣಿಸಿ ಕೊಡುವವರು. ಐದು ರೂಪಾಯಿಯ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವ ನಮಗೆ ಪ್ರಶ್ನೆ ಕೇಳಲು ಯಾರೂ ಹೇಳಿಕೊಡಬೇಕಾಗಿಲ್ಲ. ಯಜಮಾನರು ಕಾಫಿ ತರಿಸುತ್ತಾರಲ್ಲ, ಆ ಹೊತ್ತಿಗೆ ಕೇಳಿ: ನಿಮ್ಮಲ್ಲಿ ಮೇಲ್ವಿಚಾರಕಿಯರು ಎಷ್ಟು ಮಂದಿ? ಈ ಹುಡುಗಿಗೂ ಆ ಹುಡುಗನಿಗೂ ಒಂದೇ ಸಂಬಳವೇ? ಎದುರು ಅಂಗಡಿಯಲ್ಲಿ ಆದದ್ದು ನಿಮ್ಮಲ್ಲಿ ಏಕೆ ಆಗಿಲ್ಲ? ಅವರು ನಕ್ಕು ಮಾತು ತೇಲಿಸಬಹುದು. ಆದರೆ ಇದೇ ಪ್ರಶ್ನೆಯನ್ನು ಮುಂದಿನ ವಾರ ಇನ್ನೊಬ್ಬರು, ಅದರ ಮುಂದಿನ ವಾರ ಮತ್ತೊಬ್ಬರು ಕೇಳಿದರೆ ನಗು ಉಳಿಯುವುದಿಲ್ಲ. ಗಿರಾಕಿ ರಸ್ತೆ ದಾಟಿ ಹೋಗುತ್ತಾಳೆಂಬ ಭಯ ವ್ಯಾಪಾರಿಗೆ ಬೇರೆ ಯಾವ ಭಯಕ್ಕಿಂತಲೂ ದೊಡ್ಡದು.