ಕಾರು ಕೆಳಗಿರಲಿ, ಬಸ್ಸು ಮೇಲೆ ಹೋಗಲಿ!

ರಜಾ ಬಂತೆಂದರೆ ಸಾಕು, ಮಡಿಕೇರಿ ದಾರಿಯಲ್ಲಿ ಕಾರಿನ ಹಿಂದೆ ಕಾರು. ಬೆಳಿಗ್ಗೆ ಓಂಕಾರೇಶ್ವರ, ಆಮೇಲೆ ಕೋಟೆಯೊಳಗಿನ ಅರಮನೆ, ಮಧ್ಯಾಹ್ನಕ್ಕೆ ಭಾಗಮಂಡಲ, ತಲಕಾವೇರಿ. ರಾತ್ರಿಯೊಳಗೆ ಊರಿಗೆ ವಾಪಸು. ತೀರ್ಥವೂ ಆಯ್ತು, ಟೂರೂ ಆಯ್ತು. ಆದರೆ ಇಷ್ಟು ಜನರನ್ನು ಹೊರುವ ಬೆಟ್ಟದ ಗತಿ ಏನು?

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಮನೆ, ತೋಟ, ರಸ್ತೆ ಕೊಚ್ಚಿಹೋದವು. ಮಳೆ ವಿಪರೀತ ಬಿದ್ದಿತ್ತು, ನಿಜ. ಆದರೆ ಇಳಿಜಾರನ್ನು ಮನಸ್ಸಿಗೆ ಬಂದ ಹಾಗೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು. ಪ್ರಧಾನ ಅರ್ಚಕರ ಮನೆ ಮಣ್ಣಿನಡಿ ಸೇರಿತು, ಐವರು ಸತ್ತರು.

ಕಾರು ಹತ್ತಿದ್ದಕ್ಕೇ ಗುಡ್ಡ ಜರಿಯಿತು ಅಂತ ಯಾರೂ ಹೇಳೋದಿಲ್ಲ. ಆದರೆ ಕಾರು ಹೆಚ್ಚಿದಷ್ಟೂ ರಸ್ತೆ ಅಗಲವಾಗಬೇಕು, ನಿಲ್ಲಿಸಲು ಜಾಗ ಬೇಕು, ತಂಗೋಕೆ ಹೋಂಸ್ಟೇ ಬೇಕು. ಒಂದೊಂದಕ್ಕೂ ಜೆಸಿಬಿ ಬಾಯಿ ಹಾಕೋದು ಗುಡ್ಡದ ಬುಡಕ್ಕೇ!

ಉಪಾಯ ಹೊಸದೇನಲ್ಲ. ಅಕ್ಟೋಬರಿನ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಸಾವಿರಾರು ಜನ ಸೇರುತ್ತಾರೆ. ಆಗ ಭಾಗಮಂಡಲದಿಂದ ಮೇಲಕ್ಕೆ ಬಸ್ಸು ಓಡಿಸುವ ರೂಢಿ ಇದ್ದೇ ಇದೆ. ದಾರಿ ಬರೀ 8 ಕಿಲೋಮೀಟರು. ಜಾತ್ರೆಗೆ ಆಗುವ ಕೆಲಸ ಭಾನುವಾರಕ್ಕೆ, ರಜಾ ದಿನಕ್ಕೆ ಯಾಕಾಗಬಾರದು?

ಕಾರು ತಡೆದರೆ ವ್ಯಾಪಾರ ಕೆಡುತ್ತೆ ಅನ್ನೋ ಭಯ ಅಂಗಡಿಯವರಿಗೆ ಇರಬಹುದು. ಆದರೆ ಕಾರಿನವನು ಬುತ್ತಿ ಕಟ್ಟಿಕೊಂಡೇ ಬಂದು ಹಾಗೇ ಹೋಗುತ್ತಾನೆ. ಬಸ್ಸಿಗೆ ಕಾಯುವವನು ಸಂಗಮದ ಹತ್ತಿರ ಒಂದು ಕಾಫಿ ಕುಡಿದು, ಮನೆಗೆ ಜೇನು, ಒಳ್ಳೆಮೆಣಸು ಕೊಳ್ಳುತ್ತಾನೆ.

ಇನ್ನು ಅರಮನೆ ವಿಷಯ. ಮಡಿಕೇರಿ ಕೋಟೆಯ ಕಲ್ಲಾನೆಗಳ ಮುಂದೆ ಫೋಟೋ ತೆಗೆಸಿಕೊಂಡರೆ ಕೊಡಗಿನ ಚರಿತ್ರೆ ಮುಗೀತು ಅನ್ನೋರೇ ಜಾಸ್ತಿ. ಕಕ್ಕಬೆ ಸಮೀಪ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ. 1834ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಇಂಗ್ಲಿಷರಿಗೆ ಶರಣಾಗುವ ಮುಂಚೆ ಆಶ್ರಯ ಪಡೆದದ್ದು ಇಲ್ಲೇ. ತಲಕಾವೇರಿಗೆ ಹೋದ ಎಷ್ಟು ಜನ ಇದನ್ನು ನೋಡಿದ್ದಾರೆ?

ಭಾಗಮಂಡಲದಿಂದ ನಾಪೋಕ್ಲು ಮೇಲೆ ಕಕ್ಕಬೆಗೂ ಇಂಥದೇ ಬಸ್ಸು ಬಿಟ್ಟರೆ ಒಂದೇ ಕಡೆ ಮುಗಿಬೀಳುವ ಜನ ಹಂಚಿಹೋಗುತ್ತಾರೆ. ಸಂಕ್ರಮಣದ ತಯಾರಿಗೆ ಅಧಿಕಾರಿಗಳು ಸಭೆ ಸೇರುವಾಗ ಈ ಮಾತೂ ಮೇಜಿನ ಮೇಲೆ ಬರಲಿ.