ಬ್ಯಾಟರಿ ಬಂಡಿಗೆ ಬೀದಿಯಲ್ಲಿ ಎಡೆ ಎಲ್ಲಿ?

ಹೊಸೂರಿಗೂ ಎರಡು ಚಕ್ರದ ಬಂಡಿಗೂ ಇರುವ ನಂಟು ಹಳೆಯದು. 1980ರಲ್ಲಿ ಟಿ.ವಿ.ಎಸ್. 50 ಮೊಪೆಡ್ ಹೊರಬಂದದ್ದು ಇಲ್ಲಿಂದಲೇ. ಈಗ ಇಲ್ಲಿಯ ಕಾರ್ಖಾನೆಗಳಲ್ಲಿ ವಿದ್ಯುತ್ ಸ್ಕೂಟರುಗಳೂ ತಯಾರಾಗುತ್ತಿವೆ. ಅವು ಲೈಸೆನ್ಸು, ನೋಂದಣಿ ಬೇಕಾದ ವೇಗದ ವಾಹನಗಳು. ರಸ್ತೆಯಲ್ಲಿ ಅವುಗಳ ಸ್ಥಾನದ ಬಗ್ಗೆ ತಕರಾರಿಲ್ಲ. ನಾನು ಹೇಳಹೊರಟಿರುವುದು ಅವುಗಳ ಬಡ ತಮ್ಮನ ವಿಚಾರ, ಅಂದರೆ ಮಂದಗತಿಯ ಬ್ಯಾಟರಿ ಸ್ಕೂಟರಿನ ವಿಚಾರ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟಿಗಿಂತಲೂ ಪರಮಾವಧಿ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಬ್ಯಾಟರಿ ಬಂಡಿ ‘ಮೋಟಾರು ವಾಹನ’ವೇ ಅಲ್ಲ. ಲೈಸೆನ್ಸು ಬೇಡ, ನಂಬರು ಬೇಡ, ವಿಮೆ ಬೇಡ. ಹಾಗಾದರೆ ಅದು ಸೈಕಲ್ಲಿನ ಜಾತಿಗೆ ಸೇರಿತು ಎನ್ನೋಣ. ಆದರೆ ನಮ್ಮ ಊರುಗಳ ಬಹುಪಾಲು ರಸ್ತೆಗಳಲ್ಲಿ ಸೈಕಲ್ಲಿಗೆಂದು ದಾರಿಯೇ ಇಲ್ಲ. ಕಾಯಿದೆ ಈ ಬಂಡಿಗೆ ರಿಯಾಯಿತಿ ಕೊಟ್ಟಿತು, ಜಾಗ ಕೊಡಲಿಲ್ಲ.

ಜಾಗವನ್ನು ಗೊತ್ತುಮಾಡಬೇಕಾದದ್ದು ಎಂಜಿನ್ನಲ್ಲ, ವೇಗಗಳ ನಡುವಣ ಅಂತರ ಎಂಬುದು ನನ್ನ ಅಭಿಪ್ರಾಯ. ನಡೆಯುವವನ ವೇಗ ಗಂಟೆಗೆ ಸುಮಾರು 5 ಕಿ.ಮೀ., ಸೈಕಲ್ಲಿನದು 15, ಈ ಬಂಡಿಯದು 25, ಹೆದ್ದಾರಿಯ ಲಾರಿಯದು 60. ಫುಟ್‌ಪಾತಿನಲ್ಲಿ ಅಂತರ 20, ಹೆದ್ದಾರಿಯಲ್ಲಿ 35, ಸೈಕಲ್ಲಿನ ಜೊತೆ 10 ಮಾತ್ರ. ಮೇಲಾಗಿ ಬ್ಯಾಟರಿ ಬಂಡಿ ಸದ್ದಿಲ್ಲದೆ ಬರುತ್ತದೆ. ಫುಟ್‌ಪಾತಿನಲ್ಲಿ ಹೋಗುವ ಅಜ್ಜಿಗೆ ಹಿಂದೆ ಬಂದದ್ದು ತಿಳಿಯುವುದು ಅದು ಸೆರಗಿಗೆ ತಗುಲಿದಾಗಲೇ.

ಜರ್ಮನಿ 2019ರಲ್ಲಿ ನಿಂತು ಓಡಿಸುವ ಪುಟ್ಟ ವಿದ್ಯುತ್ ಸ್ಕೂಟರುಗಳಿಗೆ ನಿಯಮ ಮಾಡಿತು: ವೇಗ 20 ಕಿ.ಮೀ. ಮೀರಕೂಡದು, ಸೈಕಲ್ ದಾರಿಯಿದ್ದಲ್ಲಿ ಅದರಲ್ಲೇ ಹೋಗಬೇಕು, ಇಲ್ಲದಿದ್ದರೆ ರಸ್ತೆಯಲ್ಲಿ, ಫುಟ್‌ಪಾತು ನಿಷಿದ್ಧ. ಪ್ಯಾರಿಸ್ಸಿನಲ್ಲಾದರೋ 2018ರಿಂದ ಬಾಡಿಗೆ ಸ್ಕೂಟರುಗಳು ಮೊದಲು ಬಂದವು, ಕಟ್ಟುಪಾಡು ಆಮೇಲೆ. ಕಂಡಕಂಡಲ್ಲಿ ಬಿಟ್ಟುಹೋದ ಬಂಡಿಗಳಿಂದ ಬೇಸತ್ತ ಜನ 2023ರ ಏಪ್ರಿಲಿನಲ್ಲಿ ಮತ ಹಾಕಿ ಬಾಡಿಗೆ ವ್ಯವಸ್ಥೆಯನ್ನೇ ಹೊರಗಟ್ಟಿದರು. (ಮತ ಹಾಕಿದವರು ನೂರಕ್ಕೆ ಎಂಟು ಮಂದಿಯೂ ಇರಲಿಲ್ಲ ಎಂಬುದು ಬೇರೆ ಮಾತು.)

ಪ್ರತ್ಯೇಕ ದಾರಿ ಹಾಕಲು ನಮ್ಮ ತಳಿ ರಸ್ತೆ, ಬಾಗಲೂರು ರಸ್ತೆಗಳಲ್ಲಿ ಸ್ಥಳವೆಲ್ಲಿ ಎಂದು ಕೇಳಬಹುದು. ಸ್ಥಳವಿಲ್ಲದಿದ್ದರೆ ದೊಡ್ಡ ವಾಹನಗಳ ವೇಗವನ್ನು ಇಳಿಸಬೇಕು. ಸ್ಪೇನ್ 2021ರಲ್ಲಿ, ಒಂದೊಂದು ದಿಕ್ಕಿಗೆ ಒಂದೇ ಸಾಲು ವಾಹನ ಹೋಗುವ ನಗರದ ರಸ್ತೆಗಳಲ್ಲೆಲ್ಲ 30 ಕಿ.ಮೀ. ಮಿತಿ ತಂದಿತು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ನಮ್ಮ ಮಕ್ಕಳು ವಿಜ್ಞಾನದಲ್ಲಿ ಓದುತ್ತಾರೆ. 60ರಲ್ಲಿ ಬರುವ ಕಾರು 30ಕ್ಕಿಳಿದರೆ ಪೆಟ್ಟಿನ ಬಲ ಕಾಲುಭಾಗಕ್ಕಿಳಿಯುತ್ತದೆ. ಅಂಥ ಬೀದಿಯಲ್ಲಿ ಸೈಕಲ್ಲು, ಬ್ಯಾಟರಿ ಬಂಡಿ, ಕಾರು ಒಟ್ಟಿಗೆ ಹೋಗಬಹುದು. ಹೆದ್ದಾರಿಯ ಮಾತು ಬೇರೆ. ಅಲ್ಲಿ ಈ ಬಂಡಿ ಸರ್ವಿಸ್ ರಸ್ತೆ ಬಿಟ್ಟು ಮೇಲೇರಲೇಕೂಡದು.

ಫುಟ್‌ಪಾತಿನ ನಿಷೇಧಕ್ಕೆ ಒಂದು ಅಪವಾದ ಉಂಟು. ಕಾಲಿಲ್ಲದವರಿಗೆ ಮೋಟಾರಿನ ಗಾಲಿಕುರ್ಚಿಯೇ ಕಾಲು. ನಡಿಗೆಯ ವೇಗದಲ್ಲಿ ಅವರು ಅಲ್ಲಿ ಹೋಗುವುದು ಅವರ ಹಕ್ಕು. ಮದರಾಸಿನ ಐ.ಐ.ಟಿ.ಯಲ್ಲಿ ರೂಪುಗೊಂಡು 2021ರಲ್ಲಿ ಬಂದ ನಿಯೋಬೋಲ್ಟ್ ಎಂಬ ಜೋಡಣೆ ಗಾಲಿಕುರ್ಚಿಯನ್ನು 25 ಕಿ.ಮೀ. ವೇಗದಲ್ಲಿ ರಸ್ತೆಗೇ ಒಯ್ಯುತ್ತದೆ. ಕಲ್ಲುಚಪ್ಪಡಿ ಕಿತ್ತುಹೋದ ಫುಟ್‌ಪಾತಿನಲ್ಲಿ ಅವರಿಗೆ ಬೇರೆ ಗತಿಯಾದರೂ ಏನಿದೆ?

ಇನ್ನು ತಂದೆತಾಯಿಗಳಲ್ಲಿ ಒಂದು ಮಾತು. ಮೋಟಾರು ವಾಹನವನ್ನು ಅಪ್ರಾಪ್ತ ವಯಸ್ಕರ ಕೈಗೆ ಕೊಟ್ಟು ಅಪರಾಧ ನಡೆದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಎಂದು 2019ರ ತಿದ್ದುಪಡಿ ಹೇಳುತ್ತದೆ. ಅದಕ್ಕೆ ಹೆದರಿದ ಕೆಲವರು ‘ಲೈಸೆನ್ಸು ಬೇಡ’ ಎಂಬ ಒಂದೇ ಮಾತು ಕೇಳಿ ಎಂಟನೆಯ ತರಗತಿಯ ಹುಡುಗನಿಗೆ ಬ್ಯಾಟರಿ ಬಂಡಿ ಕೊಡಿಸುತ್ತಾರೆ. ವೇಗದ ಮಿತಿಯನ್ನು ಮೆಕ್ಯಾನಿಕ್ಕಿನ ಬಳಿ ತೆಗೆಸುವವರೂ ಇದ್ದಾರೆ. 25 ದಾಟಿದೊಡನೆ ರಿಯಾಯಿತಿ ಮುಗಿಯಿತು, ಅದು ನೋಂದಣಿಯಿಲ್ಲದ ಮೋಟಾರು ವಾಹನ. ಹೆದ್ದಾರಿ ದಾಟಿಯೇ ಶಾಲೆಗೆ ಬರಬೇಕಾದ ಮಗುವಿಗೆ ಈ ಬಂಡಿ ಬೇಡ, ಬಸ್ಸು ಸಾಕು. ಒಳಬೀದಿಗಳಲ್ಲೇ ಬರುವವರು ಬರಲಿ, ಕಾಯಿದೆ ಕೇಳದಿದ್ದರೂ ಹೆಲ್ಮೆಟ್ಟು ಹಾಕಿಕೊಂಡು, ಹಿಂದೆ ಗೆಳೆಯನನ್ನು ಕೂರಿಸಿಕೊಳ್ಳದೆ.