೧೯೨೨ ಅಂದ್ರೆ ಬರೀ ಎಲಿಯಟ್ ಅಲ್ಲ

೧೯೨೨ನೇ ಇಸವಿ ಅಂದ ಕೂಡಲೇ ಕವಿತೆ ಓದುವವರ ಮುಖ ಅರಳುತ್ತೆ. ಆಧುನಿಕ ಕಾವ್ಯ ಹುಟ್ಟಿದ ವರ್ಷ ಅಂತಾರೆ. ಯಾಕೆ ಅಂತ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಕೊಡೋ ಉತ್ತರ ಒಂದೇ: ಟಿ.ಎಸ್. ಎಲಿಯಟ್, ‘ದಿ ವೇಸ್ಟ್ ಲ್ಯಾಂಡ್’. ಕಾದಂಬರಿ ಓದುವವರಾದ್ರೆ ಜೇಮ್ಸ್ ಜಾಯ್ಸ್‌ನ ‘ಯುಲಿಸೀಸ್’ ಹೆಸರನ್ನೂ ಸೇರಿಸ್ತಾರೆ. ಅಲ್ಲಿಗೆ ವರ್ಷ ಮುಗೀತು.

ನನ್ನ ತಕರಾರು ಇರೋದು ಇಲ್ಲೇ.

ಮೊದಲೇ ಹೇಳಿಬಿಡ್ತೀನಿ, ಎಲಿಯಟ್ ಮೇಲೆ ನಂಗೇನೂ ಸಿಟ್ಟಿಲ್ಲ. ಇಂಜಿನಿಯರಿಂಗ್ ಓದಿ ಕೋಡ್ ಬರೆದುಕೊಂಡಿರೋ ನನ್ನಂಥವನಿಗೂ ಆ ಕವಿತೆ ಹಿಡಿಸಿದೆ. ಲಂಡನ್ನಿನ ಬ್ಯಾಂಕೊಂದರಲ್ಲಿ ಗುಮಾಸ್ತಿಕೆ ಮಾಡ್ತಾ, ಅರ್ಧ ಕಾಯಿಲೆ ಬಿದ್ದು, ರಜ ಹಾಕಿ ಬರೆದ ಮನುಷ್ಯ. ಎಜ್ರಾ ಪೌಂಡ್ ಕೂತು ಅದನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಕತ್ತರಿಸಿದ. ಇಂಥ ಕೋಡ್ ರಿವ್ಯೂ ಮಾಡೋ ಸೀನಿಯರ್ ಎಲ್ಲರಿಗೂ ಸಿಗಬೇಕು :) ಇನ್ನು ಅದರ ಹಿಂದಿರೋ ಪ್ರಖ್ಯಾತ ಟಿಪ್ಪಣಿಗಳು. ಕವಿತೆ ಪುಸ್ತಕ ಆಗೋಷ್ಟು ಉದ್ದ ಇರಲಿಲ್ಲ, ಪುಟ ತುಂಬಿಸೋಕೆ ಅವನ್ನು ಹಿಗ್ಗಿಸಿದೆ ಅಂತ ಎಲಿಯಟ್ಟೇ ಎಷ್ಟೋ ವರ್ಷ ಆದ್ಮೇಲೆ ಒಪ್ಪಿಕೊಂಡ. ನಾವು ಡಾಕ್ಯುಮೆಂಟೇಶನ್ ಬರೆಯೋದೂ ಎಷ್ಟೋ ಸಲ ಇದೇ ಕಾರಣಕ್ಕೆ ಅಲ್ವಾ?

ಆದ್ರೆ ಆ ಕವಿತೆ ಅಚ್ಚಾಗಿದ್ದು ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ಒಂಬತ್ತು ತಿಂಗಳು ಇತ್ತಲ್ಲ? ಸ್ವಲ್ಪ ಕ್ಯಾಲೆಂಡರ್ ತಿರುಗಿಸೋಣ ಬನ್ನಿ.

ಜನವರಿ ೬, ಕಲ್ಕತ್ತ. ‘ಬಿಜಲಿ’ ಅನ್ನೋ ವಾರಪತ್ರಿಕೆಯಲ್ಲಿ ಒಂದು ಬಂಗಾಳಿ ಕವಿತೆ ಬರುತ್ತೆ, ಹೆಸರು ‘ಬಿದ್ರೋಹಿ’. ಬರೆದವನು ಕಾಜಿ ನಜ್ರುಲ್ ಇಸ್ಲಾಂ, ವಯಸ್ಸು ಇಪ್ಪತ್ತೆರಡು. ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯ ಸೇರಿ, ಕರಾಚಿಯಲ್ಲಿದ್ದು ವಾಪಸ್ ಬಂದಿದ್ದ ಹುಡುಗ. ಹಿಂದಿನ ಡಿಸೆಂಬರ್ ಕೊನೆಯಲ್ಲಿ, ತಾಲ್ತಲಾದ ಬಾಡಿಗೆ ಮನೆಯಲ್ಲಿ, ರಾತ್ರಿಯಿಡೀ ಕೂತು ಪೆನ್ಸಿಲ್ಲಿನಲ್ಲಿ ಬರೆದಿದ್ದಂತೆ. ಬೆಳಗ್ಗೆ ಅದನ್ನು ಮೊದಲು ಕೇಳಿದವರು ಜೊತೆಯಲ್ಲಿದ್ದ ಮುಜಫ್ಫರ್ ಅಹ್ಮದ್. ಬೇಡಿಕೆ ಹೆಚ್ಚಾಗಿ ಆ ಸಂಚಿಕೆಯನ್ನು ಮತ್ತೆ ಅಚ್ಚು ಹಾಕಬೇಕಾಯ್ತು ಅಂತಾರೆ. ವಾರಪತ್ರಿಕೆ, ಅದೂ ಕವಿತೆಗೋಸ್ಕರ! ಸ್ವಲ್ಪ ಯೋಚನೆ ಮಾಡಿ.

ನಜ್ರುಲ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆಗಸ್ಟ್‌ನಲ್ಲಿ ‘ಧೂಮಕೇತು’ ಅಂತ ತನ್ನದೇ ಪತ್ರಿಕೆ ಶುರು ಮಾಡಿದ. ಸೆಪ್ಟೆಂಬರ್‌ನಲ್ಲಿ ಅದರಲ್ಲಿ ದುರ್ಗೆ ಬರುವುದನ್ನು ನೆಪ ಮಾಡಿಕೊಂಡು ಬ್ರಿಟಿಷರ ವಿರುದ್ಧ ಒಂದು ಕವಿತೆ ಬರೆದ. ಅಕ್ಟೋಬರ್‌ನಲ್ಲಿ ‘ಅಗ್ನಿವೀಣಾ’ ಸಂಕಲನ ಬಂತು. ನವೆಂಬರ್‌ನಲ್ಲಿ ಪೊಲೀಸರು ಬಂದು ಹಿಡಕೊಂಡು ಹೋದ್ರು. ಮುಂದಿನ ಜನವರಿಯಲ್ಲಿ ರಾಜದ್ರೋಹಕ್ಕೆ ಒಂದು ವರ್ಷ ಕಠಿಣ ಶಿಕ್ಷೆ. ಅವನು ಜೈಲಿನಲ್ಲಿದ್ದಾಗಲೇ ರವೀಂದ್ರನಾಥ ಠಾಕೂರರು ತಮ್ಮ ‘ವಸಂತ’ ನಾಟಕವನ್ನು ಅವನಿಗೆ ಅರ್ಪಿಸಿದ್ರು.

ಪಕ್ಕದಲ್ಲಿಟ್ಟು ನೋಡಿ. ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕಿನ ‘ದಿ ಡಯಲ್’ ಪತ್ರಿಕೆಯಲ್ಲಿ ವೇಸ್ಟ್ ಲ್ಯಾಂಡ್ ಬಂತು, ಎಲಿಯಟ್‌ಗೆ ಆ ಪತ್ರಿಕೆಯ ಎರಡು ಸಾವಿರ ಡಾಲರ್ ಬಹುಮಾನ ಸಿಕ್ತು. ಅಲ್ಲಿ ಬಹುಮಾನ, ಇಲ್ಲಿ ಬೇಡಿ. ಎಲಿಯಟ್ ಕವಿತೆಯ ಕೊನೆಗೆ ಬೃಹದಾರಣ್ಯಕ ಉಪನಿಷತ್ತು ಬರುತ್ತೆ ಅಂತ ನಾವು ಎದೆ ಉಬ್ಬಿಸ್ತೀವಿ. ಅದೇ ವರ್ಷ ಈ ನೆಲದಲ್ಲೇ ಕವಿತೆ ಬರೆದು ಜೈಲು ಸೇರಿದವನನ್ನು ಆ ವರ್ಷದ ಲೆಕ್ಕಕ್ಕೇ ತಗೊಳ್ಳಲ್ಲ. ಇದೆಂಥ ನ್ಯಾಯ ಸ್ವಾಮಿ?

ಫೆಬ್ರವರಿಗೆ ಬರೋಣ. ಸ್ವಿಟ್ಜರ್ಲೆಂಡಿನ ಮ್ಯುಜೋ ಅನ್ನೋ ಹಳೇ ಗೋಪುರದಂಥ ಮನೆಯಲ್ಲಿ ಒಬ್ಬನೇ ಕೂತಿದ್ದ ರಿಲ್ಕೆ, ಹತ್ತು ವರ್ಷದಿಂದ ನಿಂತುಹೋಗಿದ್ದ ‘ಡ್ಯುಯಿನೋ’ ಶೋಕಗೀತೆಗಳನ್ನು ಮುಗಿಸಿದ. ಅದೇ ತಿಂಗಳಲ್ಲಿ ಆರ್ಫಿಯಸ್ ಬಗ್ಗೆ ೫೫ ಸುನೀತ ಬೇರೆ! ಅಚ್ಚಾಗಿದ್ದು ೧೯೨೩ರಲ್ಲಿ. ಪಾಸ್ತರ್ನಾಕ್‌ದು ಇದಕ್ಕೆ ಉಲ್ಟಾ, ‘ನನ್ನ ತಂಗಿ, ಬದುಕು’ ಸಂಕಲನದ ಹೆಚ್ಚಿನ ಕವಿತೆಗಳು ೧೯೧೭ರವು, ಪುಸ್ತಕ ಆಗಿದ್ದು ೧೯೨೨ರಲ್ಲಿ. ಹಾಗಾದ್ರೆ ಕವಿತೆಯ ವರ್ಷ ಯಾವುದು, ಬರೆದದ್ದೋ ರಿಲೀಸ್ ಆದದ್ದೋ? ನಮ್ಮ ಫೀಲ್ಡಿನಲ್ಲೂ ಇದೇ ಜಗಳ. ಇರಲಿ. ಅದೇ ಫೆಬ್ರವರಿಯಲ್ಲಿ ಬ್ರೆಜಿಲ್‌ನ ಸಾವೊ ಪೌಲೊ ನಗರದ ನಾಟಕಶಾಲೆಯಲ್ಲಿ ಹೊಸ ಕವಿಗಳು, ಚಿತ್ರಕಾರರು, ಸಂಗೀತಗಾರರು ಸೇರಿ ಆಧುನಿಕ ಕಲೆಯ ಉತ್ಸವ ಮಾಡಿದ್ರು, ಜನ ಕೂಗಿ ಗಲಾಟೆ ಎಬ್ಬಿಸಿದ್ರು. ಚಿಲಿಯ ಶಾಲಾ ಮೇಷ್ಟ್ರಮ್ಮ ಗಬ್ರಿಯೇಲಾ ಮಿಸ್ತ್ರಾಲ್‌ಳ ಮೊದಲ ಸಂಕಲನ ಹೊರಬಂದಿದ್ದೂ ಅದೇ ವರ್ಷ, ಅದೂ ನ್ಯೂಯಾರ್ಕಿನಲ್ಲಿ. ೧೯೪೫ರಲ್ಲಿ ಆಕೆಗೆ ನೊಬೆಲ್ ಬಂತು, ಎಲಿಯಟ್‌ಗಿಂತ ಮೂರು ವರ್ಷ ಮುಂಚೆ.

ನನ್ನನ್ನು ಅಲ್ಲಾಡಿಸಿದ್ದು ಮಾತ್ರ ಇನ್ನೊಂದು ಪುಸ್ತಕ. ಅಕ್ಟೋಬರ್, ಪೆರು ದೇಶದ ಲಿಮಾ. ಸೆಸಾರ್ ವಯೆಹೋ ಅನ್ನೋ ಮೂವತ್ತರ ಕವಿ ‘ತ್ರಿಲ್ಸೆ’ ಅಂತ ಒಂದು ಸಂಕಲನ ತಂದ. ೭೭ ಕವಿತೆ, ಯಾವುದಕ್ಕೂ ಹೆಸರಿಲ್ಲ, ರೋಮನ್ ಅಂಕಿ ಅಷ್ಟೇ. ತ್ರಿಲ್ಸೆ ಅನ್ನೋ ಪದವೇ ಸ್ಪ್ಯಾನಿಶ್‌ನಲ್ಲಿ ಇರಲಿಲ್ಲ, ಅವನೇ ಕಟ್ಟಿದ್ದು. ಊರಲ್ಲಿ ನಡೆದ ಒಂದು ಗಲಭೆಯಲ್ಲಿ ಅವನ ಹೆಸರೂ ಸೇರಿ ೧೧೨ ದಿನ ಜೈಲಿನಲ್ಲಿದ್ದ, ಕೆಲವು ಕವಿತೆ ಅಲ್ಲೇ ಬರೆದದ್ದು. ಪುಸ್ತಕ ಅಚ್ಚಾಗಿದ್ದು ಎಲ್ಲಿ ಗೊತ್ತಾ? ಲಿಮಾದ ಸೆರೆಮನೆಯ ಪ್ರೆಸ್ಸಿನಲ್ಲಿ! ಇನ್ನೂರು ಪ್ರತಿ. ಹೆಚ್ಚು ಜನ ಮೂಸಿಯೂ ನೋಡಲಿಲ್ಲ. ಮುಂದಿನ ವರ್ಷ ಹಡಗು ಹತ್ತಿ ಪ್ಯಾರಿಸ್‌ಗೆ ಹೋದವನು ಮತ್ತೆ ಊರಿಗೆ ಬರಲೇ ಇಲ್ಲ, ೧೯೩೮ರಲ್ಲಿ ಅಲ್ಲೇ ಬಡತನದಲ್ಲಿ ತೀರಿಕೊಂಡ. ವ್ಯಾಕರಣ ಮುರಿಯೋದು, ಅಕ್ಷರಗಳನ್ನು ಚೆಲ್ಲಾಡೋದು, ಅಂಕಿಗಳನ್ನು ಕವಿತೆಯೊಳಗೆ ನುಗ್ಗಿಸೋದು, ಇದರಲ್ಲಿ ಎಲಿಯಟ್ ಇವನ ಮುಂದೆ ಬಲು ಸಾಧು. ನನ್ನ ಮಟ್ಟಿಗೆ ಆ ವರ್ಷದ ಅತಿ ಧೈರ್ಯದ ಪುಸ್ತಕ ಇದು.

ಹಾಗಾದ್ರೆ ೧೯೨೨ಕ್ಕೆ ಎಲಿಯಟ್ ಒಬ್ಬನ ಹೆಸರೇ ಯಾಕೆ ಅಂಟಿತು? ಕವಿತೆ ದೊಡ್ಡದು, ಒಪ್ಪಿದೆ. ಆದ್ರೆ ಅದು ಇದ್ದದ್ದು ಇಂಗ್ಲಿಷಿನಲ್ಲಿ, ಇಂಗ್ಲಿಷ್ ನಮ್ಮ ಕಾಲೇಜುಗಳಲ್ಲಿತ್ತು. ಅಡಿಗರ ‘ಭೂಮಿಗೀತ’ (೧೯೫೯) ಓದುವಾಗ ಎಲಿಯಟ್ ಹೆಸರು ಬರದ ವಿಮರ್ಶೆ ಕಡಿಮೆ. ಕಿಟಕಿ ಯಾವ ಕಡೆ ತೆರೆದಿತ್ತೋ ಆ ಕಡೆಯಿಂದ ಗಾಳಿ ಬಂತು. ಅದರಿಂದ ಕನ್ನಡಕ್ಕೆ ಲಾಭವೇ ಆಯ್ತು. ಮನೆಗೆ ಅದೊಂದೇ ಕಿಟಕಿ ಅಂದುಕೊಂಡು ಕೂತಿದ್ದೀವಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಟೀಮಿನಲ್ಲಿ ಒಬ್ಬ ಬಂಗಾಳಿ ಇದ್ದಾನೆ. ನಜ್ರುಲ್ ಹೆಸರು ಎತ್ತಿದ್ದೇ ತಡ, ಕ್ಯಾಂಟೀನಿನಲ್ಲಿ ಊಟದ ತಟ್ಟೆ ಪಕ್ಕಕ್ಕಿಟ್ಟು ಬಿದ್ರೋಹಿಯನ್ನು ಬಾಯಿಪಾಠ ಹೇಳೋಕೆ ಶುರು ಮಾಡಿದ. ಸುತ್ತ ಇದ್ದವರೆಲ್ಲ ತಿರುಗಿ ನೋಡಿದ್ರು. ಪದಗಳಲ್ಲಿ ಅರ್ಧಕ್ಕರ್ಧ ಸಂಸ್ಕೃತದವು, ನಮಗೂ ಗೊತ್ತಿರುವಂಥವೇ. ಲಯ ನೇರ ಮೈಗೇ ಹತ್ತುತ್ತೆ. ಅಷ್ಟು ಹತ್ತಿರದ ಕವಿತೆಯನ್ನು ನಾನು ಅಲ್ಲಿಯವರೆಗೆ ಓದಿದ್ದು ಇಂಗ್ಲಿಷ್ ಅನುವಾದದಲ್ಲಿ, ಸಪ್ಪೆ ಸಾರಿನ ಥರ.

ಇದೇ ೧೯೨೨ ಕನ್ನಡದಲ್ಲಿ ಹೇಗಿತ್ತು ಅಂತ ಕೇಳ್ತೀರಾ? ಬೇಂದ್ರೆಯವರ ‘ಕೃಷ್ಣಾಕುಮಾರಿ’ ಬಂದಿದ್ದು ಆ ವರ್ಷ. ಮೈಸೂರಿನಲ್ಲಿ ಓದುತ್ತಿದ್ದ, ಇನ್ನೂ ಹದಿನೆಂಟು ತುಂಬದ ಹುಡುಗನೊಬ್ಬ ತನ್ನ ಮೊದಲ ಕವನ ಪುಸ್ತಕ ತಂದಿದ್ದೂ ಅದೇ ವರ್ಷ. ಹೆಸರು ‘ಬಿಗಿನರ್ಸ್ ಮ್ಯೂಸ್’, ಪೂರ್ತಿ ಇಂಗ್ಲಿಷ್. ಎರಡು ವರ್ಷ ಬಿಟ್ಟು, ೧೯೨೪ರಲ್ಲಿ, ಐರಿಶ್ ಕವಿ ಜೇಮ್ಸ್ ಕಸಿನ್ಸ್ ಆ ಹುಡುಗನ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯಾ ಅಂತ ಕೇಳಿದ್ರು. ಹುಡುಗನ ಹೆಸರು ಕೆ.ವಿ. ಪುಟ್ಟಪ್ಪ.